ನಡುಮನೆಯ ಪೆಟ್ಟಿಗೆ: ಅಗತ್ಯವೋ, ಆಸೆಯೋ?

ದೂರದರ್ಶನದ ಪಕ್ಕದಲ್ಲಿ ಅಂಗೈಯಗಲದ ಇನ್ನೊಂದು ಪೆಟ್ಟಿಗೆಯನ್ನು ಇಡಬೇಕೇ ಎಂಬುದು ಮೇಲ್ನೋಟಕ್ಕೆ ಹಣದ ಪ್ರಶ್ನೆ. ವಿಚಾರಿಸಿದರೆ ಪರಿಮಾಣದ ಪ್ರಶ್ನೆ. ಅಂತರ್ಜಾಲದಿಂದ ಬರುವ ಚಿತ್ರಗಳನ್ನು ಪರದೆಗೆ ತಲುಪಿಸುವುದು ಅದರ ಕೆಲಸ. 2008ರಲ್ಲಿ ರೋಕು, 2013ರಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಬಂದಾಗ ಬಹುಪಾಲು ಟಿವಿಗಳಿಗೆ ಆ ಶಕ್ತಿ ಇರಲಿಲ್ಲ. ಇಂದಿನ ಸ್ಮಾರ್ಟ್ ಟಿವಿಗಳಲ್ಲಿ ಅದು ಒಳಗೇ ಅಡಕವಾಗಿದೆ. ಇರುವುದನ್ನೇ ಮತ್ತೆ ಕೊಳ್ಳುವುದು ಸಂಗ್ರಹವೇ ಹೊರತು ಅಗತ್ಯವಲ್ಲ.

ಆದರೆ ಇನ್ನೊಂದು ಪಕ್ಷವೂ ಉಂಟು. 2019ರ ಡಿಸೆಂಬರ್‌ನಲ್ಲಿ ಸ್ಯಾಮ್‌ಸಂಗ್‌ನ ಕೆಲವು ಹಳೆಯ ಟಿವಿಗಳಲ್ಲಿ ನೆಟ್‌ಫ್ಲಿಕ್ಸ್ ನಿಂತುಹೋಯಿತು. ಪರದೆಗೆ ಕೇಡು ಬಂದಿರಲಿಲ್ಲ. ಒಳಗಿನ ವ್ಯವಸ್ಥೆ ಹಳತಾಗಿತ್ತು. ಅಂಥಲ್ಲಿ ಎಚ್‌ಡಿಎಂಐ ಕಿಂಡಿಗೆ ಜೋಡಿಸುವ ಸಣ್ಣ ಪೆಟ್ಟಿಗೆಯೊಂದು ದೊಡ್ಡ ಪರದೆಯನ್ನು ಕಸದ ಪಾಲಾಗದಂತೆ ಕಾಯಬಲ್ಲದು. ಅದನ್ನು ಕೊಳ್ಳುವುದು ದೋಷವಲ್ಲ, ವಿವೇಕ.

ವಿಚಾರ ಇಲ್ಲಿಗೆ ಮುಗಿಯದು. ಪೆಟ್ಟಿಗೆಯ ಬೆಲೆಯನ್ನು ಒಮ್ಮೆ ತೆರುತ್ತೇವೆ. ಕಾಲವನ್ನು ದಿನದಿನವೂ ತೆರುತ್ತೇವೆ. ಒಂದು ಕಂತು ಮುಗಿದೊಡನೆ ಮುಂದಿನದು ತಾನಾಗಿಯೇ ಆರಂಭವಾಗುವ ಏರ್ಪಾಡು ಅನೇಕ ಸೇವೆಗಳಲ್ಲಿದೆ. ಊಟದಲ್ಲಿ ‘ಸಾಕು’ ಎನ್ನಲು ಬಡಿಸುವವರು ಒಂದು ಕ್ಷಣವಾದರೂ ನಿಲ್ಲುತ್ತಾರೆ. ಇಲ್ಲಿ ಕೇಳುವವರೇ ಇಲ್ಲ. ನೆಟ್‌ಫ್ಲಿಕ್ಸಿನಲ್ಲಿ ಈ ಏರ್ಪಾಡನ್ನು ನಿಲ್ಲಿಸಿಡಬಹುದು. ನಿಲ್ಲಿಸುವ ಮನಸ್ಸು ಮಾತ್ರ ಅಂಗಡಿಯಲ್ಲಿ ದೊರೆಯದು.

ಆದುದರಿಂದ ಗೃಹಸ್ಥನು ಕೊಳ್ಳುವ ಮುನ್ನ ಎರಡನ್ನು ನಿಶ್ಚಯಿಸಿಕೊಳ್ಳಲಿ. ಇರುವ ಟಿವಿಯೇ ಈ ಕೆಲಸವನ್ನು ಮಾಡದೇ? ಸಂಜೆಯ ಎಷ್ಟು ಹೊತ್ತನ್ನು ಅದಕ್ಕೆ ಕೊಡುವುದು? ಎರಡನೆಯದನ್ನು ಮನೆಮಂದಿಯೆಲ್ಲ ಕುಳಿತು, ಪೆಟ್ಟಿಗೆ ಬರುವ ಮೊದಲೇ ಗೊತ್ತುಮಾಡಬೇಕು. ಬಂದ ಮೇಲೆ ಹಾಕುವ ಮಿತಿಯು ಹಸಿದವನು ಎಲೆಯ ಮುಂದೆ ಕುಳಿತು ತೊಡುವ ನಿಯಮದಂತೆ, ಬಹಳ ಹೊತ್ತು ನಿಲ್ಲದು.