ರಣಭೂಮಿಗೆ ಕೈಮುಗಿಯಬೇಕೆ?

ಮುದ್ದೇಬಿಹಾಳ ಸೀಮೆಯ ತಂಗಡಗಿಗೆ ಎರಡು ಬಗೆಯ ಜನ ಬರುತ್ತಾರೆ. ಬಸವಣ್ಣನ ಮಡದಿ ನೀಲಾಂಬಿಕೆ ಐಕ್ಯಳಾದ ನೆಲ, ಶರಣ ಹಡಪದ ಅಪ್ಪಣ್ಣನ ಸ್ಥಳ ಎಂದು ನಂಬಿ ಬರುವವರು ಕೆಲವರು. 1565ರ ಜನವರಿಯಲ್ಲಿ ವಿಜಯನಗರದ ಅಳಿಯ ರಾಮರಾಯನ ತಲೆ ಉರುಳಿದ ರಕ್ಕಸಗಿ–ತಂಗಡಗಿ ಕಾಳಗದ ಜಾಡು ಹಿಡಿದು ಬರುವವರು ಇನ್ನು ಕೆಲವರು. ಇವರದ್ದೂ ತೀರ್ಥಯಾತ್ರೆಯೇ, ರಕ್ತ ಬಿದ್ದ ಮಣ್ಣು ಪುಣ್ಯದ ಮಣ್ಣೇ ಎನ್ನುವವರಿದ್ದಾರೆ. ನನಗೆ ಹಾಗೆನ್ನಿಸುವುದಿಲ್ಲ. ಅಲ್ಲಿಗೆ ಹೋಗಬೇಕು, ಆದರೆ ಕೈಮುಗಿಯಲಿಕ್ಕಲ್ಲ.

ಈ ಭಕ್ತಿಗೆ ನಮ್ಮಲ್ಲಿ ಹಳೆಯ ಬೇರಿದೆ ನಿಜ. ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಊರ ದನ ಬಿಡಿಸಲು ಹೋಗಿ ಮಡಿದವನಿಗೆ ಊರು ನಿಲ್ಲಿಸಿದ ಕಲ್ಲು ಋಣದ ಗುರುತು, ಅದರ ಬಗ್ಗೆ ತಕರಾರಿಲ್ಲ. ಆದರೆ 1565ರ ಜಗಳ ಆ ಬಗೆಯದಲ್ಲ. ರಾಮರಾಯ ವರ್ಷಗಟ್ಟಲೆ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿದವನು. ಬಿಜಾಪುರದ ಅಲಿ ಆದಿಲ್ ಶಾಹನೇ ಅವನ ಜೊತೆಗೂಡಿ ಅಹಮದನಗರದ ಮೇಲೆ ಹೋಗಿದ್ದ. ಆಮೇಲೆ ಅದೇ ಅಹಮದನಗರದ ಚಾಂದಬೀಬಿಯನ್ನು ಮದುವೆಯಾಗಿ ಪಕ್ಷ ಬದಲಿಸಿದ. ಅರಸರ ಈ ಲೆಕ್ಕಾಚಾರದಲ್ಲಿ ಕಾಲಾಳಿಗೆ ಪಾಲಿರಲಿಲ್ಲ. ಅವನ ಸಾವಿಗೆ ವೀರಸ್ವರ್ಗದ ಹೆಸರಿಟ್ಟರೆ ತೀರುವುದು ಅರಸರ ಸಾಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ದಾರಿಯಲ್ಲಿ ನೋಡಿದರೂ ಅಷ್ಟೆ: ಪಾವಿತ್ರ್ಯ ನಡತೆಗೆ ಸೇರಿದ್ದು, ನೆಲಕ್ಕೆ ತಾನಾಗಿ ಅಂಟುವುದಿಲ್ಲ.

ಗೆದ್ದ ಸುಲ್ತಾನರ ದಂಡು ವಿಜಯನಗರದ ರಾಜಧಾನಿ ಹಂಪಿಯನ್ನು ತಿಂಗಳುಗಟ್ಟಲೆ ಸುಲಿದು ಸುಟ್ಟದ್ದು ಸುಳ್ಳೇ, ಎರಡೂ ಕಡೆಯವರನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಡಿತನವಲ್ಲವೇ ಎಂದು ಕೇಳಬಹುದು. ಸುಳ್ಳಲ್ಲ, ಅದನ್ನು ಒಂದಿಷ್ಟೂ ತಗ್ಗಿಸದೆ ಹೇಳಬೇಕು. ಆದರೆ ಭಕ್ತಿಗೆ ಪೂರ್ತಿ ಕಥೆ ಬೇಡ. ರಾಮರಾಯನ ದಂಡಿನಲ್ಲಿ ಮುಸ್ಲಿಂ ಸೈನಿಕರಿದ್ದರು ಎಂಬ ಸಂಗತಿ ಒಂದು ಬಗೆಯ ಭಕ್ತನಿಗೆ ಇರುಸುಮುರುಸು, ಹಂಪಿಯ ಬೂದಿ ಇನ್ನೊಂದು ಬಗೆಯವನಿಗೆ. ಪೂಜ್ಯಭಾವವಿಲ್ಲದಿದ್ದರೆ ನೆನಪೇ ಅಳಿಯುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯದು. ಆದರೆ ಪೂಜೆ ಉಳಿಸಿದ್ದು ಏನನ್ನು? 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಈ ಕಾಳಗದಲ್ಲಿ ಸಿಡಿಯಿತೆನ್ನುವ ಮಲಿಕ್-ಎ-ಮೈದಾನ್ ತೋಪು ಇಂದು ವಿಜಯಪುರದ ಬುರುಜಿನ ಮೇಲಿದೆ, ಸುಮಾರು 55 ಟನ್ ತೂಕ. ಅದನ್ನು ಮುಟ್ಟಿ ಹರಕೆ ಹೇಳಿಕೊಳ್ಳುವವರೂ ಇದ್ದಾರೆ. ಕೊಂದ ಲೋಹಕ್ಕೆ ನಮಸ್ಕಾರ ಸಿಕ್ಕಿತು. ಅದರ ಎದುರು ನಿಂತವರ ಹೆಸರು ಯಾರಿಗೂ ಗೊತ್ತಿಲ್ಲ.

ಜನವರಿ ಎಂದರೆ ಈ ಎರೆಹೊಲಗಳಲ್ಲಿ ಹಿಂಗಾರಿ ಬಿಳಿಜೋಳ ತೆನೆಯಾಗಿ ನಿಲ್ಲುವ ಹೊತ್ತು. ಇಂಡಿ, ಸಿಂದಗಿ ಕಡೆಯಿಂದ ಮಕ್ಕಳನ್ನು ಕರೆತರುವ ಮಾಸ್ತರು ಗೆದ್ದವರ ಹೆಸರಿನ ಜೊತೆಗೆ, ಐದು ರಾಜ್ಯಗಳ ಆನೆ, ಕುದುರೆ, ದಂಡು ಬಂದಿಳಿದ ಆ ವರ್ಷ ಕೃಷ್ಣೆಯ ದಂಡೆಯ ರೈತನಿಗೆ ರಾಶಿಯಲ್ಲಿ ಏನು ಉಳಿದಿರಬಹುದು ಎಂದೂ ಕೇಳಬಹುದು.