ಮತ್ಸ್ಯವಿನೋದವೂ ಧರ್ಮವಿಚಾರವೂ

ಹೊಟ್ಟೆಗಾಗಿ ಮಾಡುವ ಹಿಂಸೆಯು ಒಂದು, ವಿನೋದಕ್ಕಾಗಿ ಮಾಡುವ ಹಿಂಸೆಯು ಇನ್ನೊಂದು. ಇವೆರಡರ ನಡುವೆ ಧರ್ಮದೃಷ್ಟಿಯಿಂದ ನಿಜವಾದ ಭೇದವಿದೆಯೇ, ಅಥವಾ ಅದು ನಮ್ಮ ಸಮಾಧಾನಕ್ಕಾಗಿ ನಾವೇ ಕಲ್ಪಿಸಿಕೊಂಡದ್ದೇ ಎಂಬ ಪ್ರಶ್ನೆಯನ್ನು ಈ ಲೇಖದಲ್ಲಿ ವಿಚಾರಿಸಬೇಕೆಂದಿದ್ದೇನೆ. ಮೀನು ಮುಟ್ಟದ ಮನೆತನದಲ್ಲಿ ಹುಟ್ಟಿ, ಅಡಿಕೆಯ ತೋಟದ ನಡುವೆ ಬೆಳೆದು, ಪಾಠಶಾಲೆಯಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವನಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಳೆದ ಮಾಘಮಾಸದಲ್ಲಿ ಒಂದು ಇಡೀ ದಿವಸವನ್ನು ನಾನು ಗಾಳ ಹಾಕುವವರ ಸಂಗಡ ಸಮುದ್ರದ ಮೇಲೆ ಕಳೆದೆನು. ಪ್ರಶ್ನೆಯು ಅಲ್ಲಿ ಹುಟ್ಟಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ತಮ್ಮನ ಮಗನು ಮೂವರು ಸ್ನೇಹಿತರೊಡನೆ ಊರಿಗೆ ಬಂದಿದ್ದನು. ಒಂದು ದೋಣಿಯನ್ನು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಆಳದ ನೀರಿಗೆ ಹೋಗಿ, ಗಾಳದ ಕೋಲಿನಿಂದ ಮೀನು ಹಿಡಿಯಬೇಕೆಂಬದು ಅವರ ಇಚ್ಛೆ. ತದಡಿಯಲ್ಲಿ ದೋಣಿ ಇಟ್ಟುಕೊಂಡಿರುವ ಹರಿಕಂತ್ರ ಸಮಾಜದವನೊಬ್ಬನು ನಾನು ಕರಾವಳಿಯ ಶಾಲೆಯಲ್ಲಿದ್ದಾಗ ನನ್ನ ವಿದ್ಯಾರ್ಥಿಯಾಗಿದ್ದನು. "ಮಾಸ್ತರರೂ ಬರುವದಾದರೆ ನಾನೇ ಒಯ್ಯುತ್ತೇನೆ" ಎಂದು ಅವನು ಹೇಳಿಕಳಿಸಿದನು. ನನಗೂ ಒಂದು ಆಸೆಯಿದ್ದಿತು. ಶಿರಸಿಯ ಮಗ್ಗುಲಲ್ಲಿ ಹುಟ್ಟಿ, ಸಿದ್ದಾಪುರದ ಸೀಮೆಯಲ್ಲಿ ಉಂಚಳ್ಳಿಯ ಜಲಪಾತವಾಗಿ ಧುಮುಕಿ, ಯಾವ ಅಣೆಕಟ್ಟಿಗೂ ಸಿಕ್ಕದೆ ಕಡಲನ್ನು ಸೇರುವ ನಮ್ಮ ಅಘನಾಶಿನಿಯು ಕೊನೆಗೆ ಹೇಗೆ ಸಮುದ್ರದಲ್ಲಿ ಲೀನವಾಗುತ್ತಾಳೆಂಬದನ್ನು ದೋಣಿಯಿಂದಲೇ ನೋಡಬೇಕೆಂದು. ಈ ನದಿಯ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಒಪ್ಪಂದದ ಯಾದಿಗೆ ಸೇರಿಸಿದರು. ಅಘವೆಂದರೆ ಪಾಪ, ಪಾಪನಾಶಿನಿಯೆಂಬ ಹೆಸರಿನ ನದಿಯ ಬಾಯಿಂದಲೇ ನಾವು ಬೇಟೆಗೆ ಹೊರಟೆವು. ಆಗ ಇದು ನನಗೆ ಹೊಳೆದಿರಲಿಲ್ಲ.

ಬೆಳಗಿನ ಐದಕ್ಕೆ ಅಳಿವೆಯನ್ನು ದಾಟಿದೆವು. ಕಡಲು ಎಣ್ಣೆಯಂತೆ ಶಾಂತವಾಗಿತ್ತು. ಕೈಯದ್ದಿದರೆ ನೀರು ಸ್ನಾನದ ಹಂಡೆಯದರಂತೆ ಬೆಚ್ಚಗಿತ್ತು. ಮಧ್ಯಾಹ್ನದ ವರೆಗೆ ಒಂದೂ ಸಿಕ್ಕಲಿಲ್ಲ. ಆಮೇಲೆ ಒಮ್ಮೆಲೇ ಹುಡುಗನ ಕೋಲು ಬಾಗಿ, ರಾಟೆಯು ಕಿರುಗುಟ್ಟುತ್ತ ದಾರವು ಹರಿದೋಡತೊಡಗಿತು. ಅವನು ಸಡಗರದಿಂದ "ದೊಡ್ಡಪ್ಪಾ, ಒಂದು ಸಲ ಹಿಡಿದು ನೋಡಿ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟನು. ಬೇಡವೆನ್ನುವಷ್ಟರಲ್ಲಿ ಅದು ನನ್ನ ಕೈಯಲ್ಲಿತ್ತು. ಇಲ್ಲಿ ಸತ್ಯವನ್ನು ಮುಚ್ಚಬಾರದು. ಕಣ್ಣಿಗೆ ಕಾಣದ ಒಂದು ಜೀವವು ಆ ತುದಿಯಲ್ಲಿ ತನ್ನ ಸರ್ವಶಕ್ತಿಯಿಂದ ಜಗ್ಗುತ್ತಿರುವಾಗ ಈ ತುದಿಯಲ್ಲಿ ನನಗೆ ಆದದ್ದು ಕರುಣೆಯಲ್ಲ, ಹರ್ಷ. ಅರವತ್ತು ದಾಟಿದ ಮೈಯಲ್ಲಿ ಹದಿನಾರರ ರಕ್ತವು ಹರಿದಂತಾಯಿತು. "ಬಿಡಬೇಡ, ಬಿಡಬೇಡ" ಎಂದು ಕೂಗಿದ್ದು ನನ್ನದೇ ಧ್ವನಿಯೆಂದು ಆಮೇಲೆ ತಿಳಿಯಿತು. ಮೇಲೆ ಬಂದದ್ದು ಮೊಳಕ್ಕೂ ಮಿಕ್ಕಿದ ಒಂದು ಇಸವಾಣ. ಬಿಸಿಲಿಗೆ ಬೆಳ್ಳಿಯಂತೆ ಮಿಂಚಿ, ಸ್ವಲ್ಪ ಹೊತ್ತಿನಲ್ಲಿ ಅದರ ಬಣ್ಣವು ಮಾಸಿತು.

ಆಮೇಲೆ ತಳದಲ್ಲಿ ಬಂಡೆಗಳಿರುವ ಸ್ಥಳಕ್ಕೆ ಹೋಗಿ, ಆಳಕ್ಕೆ ಗಾಳ ಬಿಟ್ಟು, ಕೆಂಪು ಬಣ್ಣದ ಕೆಲವು ಮೀನುಗಳನ್ನು ಎತ್ತಿದರು. ಹುಡುಗರು ಕೆಟ್ಟವರಲ್ಲ. ಚಿತ್ರ ತೆಗೆದುಕೊಂಡು, ಗಾಳವನ್ನು ಮೆಲ್ಲಗೆ ಬಿಡಿಸಿ, "ಹೋಗು" ಎಂದು ತಿರುಗಿ ನೀರಿಗೆ ಬಿಟ್ಟರು. ಮೀನುಗಳು ಹೋಗಲಿಲ್ಲ. ಹೊಟ್ಟೆಯುಬ್ಬಿ, ಬಾಯಿಂದ ಒಳಗಿನದು ಹೊರಗೆ ಬಂದು, ಮಗುಚಿ ತೇಲಿದವು. ಆಳದಲ್ಲಿ ನೀರಿನ ಭಾರವು ಹೆಚ್ಚು. ಅಲ್ಲಿಂದ ಬೇಗನೆ ಎಳೆದರೆ ಮೀನಿನೊಳಗಿನ ಗಾಳಿಯ ಚೀಲವು ಹಿಗ್ಗಿ ಹೀಗಾಗುವದೆಂದು ನಮ್ಮ ದೋಣಿಯವನು ಹೇಳಿದನು. ಬಳಿಕ ನನ್ನ ಹತ್ತಿರ ಕೂತು ಮೆಲ್ಲಗೆ, "ಮಾಸ್ತರರೇ, ನಾವು ಕೊಂದದ್ದನ್ನು ಉಣ್ಣುತ್ತೇವೆ, ಇಲ್ಲವಾದರೆ ಮಾರುತ್ತೇವೆ. ಬಿಡುವದಕ್ಕಾಗಿ ಹಿಡಿಯುವದನ್ನು ನಮ್ಮ ಹಿರಿಯರು ಕಲಿಸಲಿಲ್ಲ. ಆದರೆ ಈ ಒಂದು ದಿನದ ಬಾಡಿಗೆಯು ಬಲೆಯ ನಾಲ್ಕು ದಿನದ ದುಡಿಮೆಗೆ ಸರಿ" ಎಂದನು.

ಹಿಂತಿರುಗಿದ ಮೇಲೆ ಗ್ರಂಥಗಳನ್ನು ತೆರೆದು ಕೂತೆನು. ಪೂರ್ವಿಕರು ಈ ವಿಷಯದಲ್ಲಿ ಏಕಮತದವರಲ್ಲ. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನು ಮೊದಲು ಹೇಳುತ್ತದೆ. ಅತ್ಯಂತ ಕಷ್ಟಕರವಾದ ನಾಲ್ಕರಲ್ಲಿಯೂ ಅದನ್ನು ಸೇರಿಸುತ್ತದೆ. ಕೌಟಿಲ್ಯನಾದರೋ ಜೂಜಿಗೂ ಬೇಟೆಗೂ ತಾರತಮ್ಯ ನೋಡುತ್ತ, ಬೇಟೆಯಲ್ಲಿ ದೇಹಕ್ಕೆ ವ್ಯಾಯಾಮವಾದರೂ ಇದೆಯೆಂದು ಅದರ ಪಕ್ಷವನ್ನು ಹಿಡಿಯುತ್ತಾನೆ. ನಮ್ಮ ನಾಡಿನ ರಾಜನೊಬ್ಬನು ಇನ್ನೂ ಮುಂದೆ ಹೋಗಿದ್ದಾನೆ. 1126ರಿಂದ 1138ರ ವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವನ್ನೇ ಬರೆದಿದ್ದಾನೆ. ಕಡಲಿನ ಮೀನು ಯಾವುವು, ಹೊಳೆಯ ಮೀನು ಯಾವುವು, ಅವಕ್ಕೆ ಹಾಕುವ ಆಹಾರವೇನು, ದಾರವನ್ನು ಹೇಗೆ ಹೊಸೆಯಬೇಕು, ಗಾಳವನ್ನು ಹೇಗೆ ಹಾಕಬೇಕು ಎಂಬದೆಲ್ಲ ಅಲ್ಲಿ ಶಾಸ್ತ್ರೋಕ್ತವಾಗಿ ಬಂದಿದೆ. ಆದಕಾರಣ ಈ ಆಟವು ಪರದೇಶದಿಂದ ಬಂದ ಚಾಳಿಯೆಂದು ಹೇಳಿ ನಾವು ಪಾರಾಗುವಂತಿಲ್ಲ. ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿಯು ಹಿಂದುಸ್ಥಾನದ ಗಾಳಗಾರಿಕೆಯ ಮೇಲಿನ ತನ್ನ ಪ್ರಸಿದ್ಧ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದ್ದು 1873ರಲ್ಲಿ. ಸೋಮೇಶ್ವರನು ಅವನಿಗಿಂತ ಏಳು ಶತಮಾನಗಳಷ್ಟು ಹಿರಿಯನು.

ಹಿಡಿದು ಬಿಡುವದರಿಂದ ದೋಷವು ಹೋಗುವದಷ್ಟೇ ಎಂದು ಹುಡುಗರ ವಾದ. ಇದಕ್ಕೆ ಆಧಾರವಿಲ್ಲದಿಲ್ಲ. ಕಬಿನಿಯಲ್ಲಿ 1946ರಲ್ಲಿ 120 ಪೌಂಡು ತೂಕದ ಮಹಸೀರ್ ಮೀನೊಂದನ್ನು ಗಾಳದಿಂದ ಹಿಡಿದದ್ದು ದಾಖಲೆಯಾಗಿದೆ. ಆ ಜಾತಿಯ ಮೀನು ಮುಂದೆ ಕ್ಷೀಣಿಸುತ್ತ ಬಂದು, ಕಾವೇರಿಯ ಡುಬ್ಬದ ಮಹಸೀರನ್ನು 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳ ಯಾದಿಗೆ ಸೇರಿಸಬೇಕಾಯಿತು. ಭೀಮೇಶ್ವರಿಯ ಸುತ್ತಲಿನ ಮಡುಗಳಲ್ಲಿ ಗಾಳದವರ ಶಿಬಿರಗಳಿದ್ದಾಗ ಅವರ ಕಾವಲಿನಿಂದ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ತಡೆಯಿತ್ತೆಂದು ಅನೇಕರು ಹೇಳುತ್ತಾರೆ. ಆ ಸ್ಥಳವು ವನ್ಯಜೀವಿಧಾಮದೊಳಗಿನದಾದ್ದರಿಂದ ಗಾಳ ಹಾಕುವದೂ ಬೇಟೆಯೇ ಎಂದು 1972ರ ಕಾನೂನಿನ ಅರ್ಥವನ್ನು ಮಾಡಿ, 2010ರ ಅನಂತರದ ವರ್ಷಗಳಲ್ಲಿ ಅದನ್ನು ನಿಲ್ಲಿಸಿದರು. ಆಟದವನು ತನ್ನ ಆಟದ ಸಲುವಾಗಿಯಾದರೂ ಮೀನನ್ನು ಕಾಯುತ್ತಾನೆಂಬ ಮಾತನ್ನು ನಾನು ತಳ್ಳಿಹಾಕುವದಿಲ್ಲ.

ಆದರೆ ಕಾಯುವದು ಬೇರೆ, ನೋಯಿಸುವದು ಬೇರೆ. ಮೀನಿಗೆ ನೋವಿದೆಯೇ? 2003ರಲ್ಲಿ ಲಿನ್ ಸ್ನೆಡನ್ ಎಂಬ ವಿದುಷಿಯೂ ಅವಳ ಸಹೋದ್ಯೋಗಿಗಳೂ ಬ್ರಿಟನ್ನಿನಲ್ಲಿ ಟ್ರೌಟ್ ಮೀನಿನ ತುಟಿ ಮತ್ತು ತಲೆಗಳಲ್ಲಿ ನೋವನ್ನು ಗ್ರಹಿಸುವ ನರಗಳಿರುವದನ್ನು ತೋರಿಸಿದರು. ತುಟಿಗೆ ಆಮ್ಲವನ್ನು ಚುಚ್ಚಿದಾಗ ಆ ಮೀನುಗಳು ತುಟಿಯನ್ನು ತಳದ ಹರಳುಗಳಿಗೆ ಉಜ್ಜಿಕೊಂಡವು. ಅದು ನಮ್ಮ ನೋವಿನಂಥದೇ ಅಹುದೋ ಅಲ್ಲವೋ ಎಂದು ಪಂಡಿತರು ಇನ್ನೂ ವಾದಿಸುತ್ತಿದ್ದಾರೆ. ಆದರೆ ಸಂದೇಹವಿದ್ದಲ್ಲಿ ಆಟವಾಡುವವನು ಸಂದೇಹದ ಲಾಭವನ್ನು ತಾನೇ ತೆಗೆದುಕೊಳ್ಳುವದು ನ್ಯಾಯವಲ್ಲ. ಸ್ವಿಟ್ಜರ್ಲೆಂಡಿನ 2008ರ ನಿಯಮದ ಪ್ರಕಾರ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವದು ಅಪರಾಧ. ಉಣ್ಣುವದಕ್ಕಾಗಿ ಹಿಡಿದರೆ ಕಾರಣವುಂಟು, ಬಿಡುವದಕ್ಕಾಗಿ ಹಿಡಿದರೆ ನೋವಿಗೆ ಕಾರಣವಿಲ್ಲ ಎಂಬದು ಅದರ ತಾತ್ಪರ್ಯ. ತದಡಿಯ ದೋಣಿಯವನು ಹೇಳಿದ್ದೂ ಇದನ್ನೇ.

ಇಲ್ಲಿ ಒಂದು ಪೂರ್ವಪಕ್ಷವು ಬರುತ್ತದೆ. ಆ ದಿನ ನಮ್ಮ ದೋಣಿಯಿಂದ ಸತ್ತ ಮೀನುಗಳು ಹತ್ತಕ್ಕಿಂತ ಕಡಿಮೆ. ಅದೇ ದೋಣಿಯು ಬಲೆಯೊಡನೆ ಹೋಗಿದ್ದರೆ ಬುಟ್ಟಿಗಟ್ಟಲೆ ಬಂಗಡೆ, ತಾರಲೆಗಳು ಬರುತ್ತಿದ್ದವು. ಲೆಕ್ಕವನ್ನೇ ಹಿಡಿದರೆ ವಿನೋದವೇ ಅಹಿಂಸೆಗೆ ಹತ್ತಿರವಾಯಿತಲ್ಲ! ಈ ವಾದವನ್ನು ನಾನು ಬಹಳ ದಿವಸ ಮನಸ್ಸಿನಲ್ಲಿ ಹೊರಳಿಸಿದ್ದೇನೆ. ನನಗೆ ತೋಚುವದು ಹೀಗೆ. ಎಣಿಕೆಯು ಮೀನಿಗಾದ ಹಾನಿಯನ್ನು ಅಳೆಯುತ್ತದೆ. ಕಾರಣವು ಮನುಷ್ಯನಿಗಾದ ಹಾನಿಯನ್ನು ಅಳೆಯುತ್ತದೆ. ಎರಡು ಅಳತೆಗಳೂ ಬೇಕು. ನೂರಾರು ಜನರು ದಡದಲ್ಲಿ ನಿಂತು ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿಯ ಬಲೆಯನ್ನು 1970ರ ದಶಕದ ಕೊನೆಯಿಂದ ಯಂತ್ರದ ದೋಣಿಗಳ ದೊಡ್ಡ ಬಲೆಗಳು ಹಿಂದಕ್ಕೆ ತಳ್ಳಿದವು. ಅಲ್ಲಿ ಹಸಿವೆಯೊಡನೆ ಲೋಭವೂ ಸೇರಿತು. ಲೋಭಕ್ಕೆ ಎಣಿಕೆಯ ದೋಷವು ದೊಡ್ಡದು. ಆದುದರಿಂದಲೇ ಜೂನ್ 1ರಿಂದ ಜುಲೈ 31ರ ವರೆಗೆ 61 ದಿವಸ ಯಂತ್ರದ ದೋಣಿಗಳು ಕಡಲಿಗಿಳಿಯಬಾರದೆಂದು ಸರಕಾರವು ಕಟ್ಟು ಮಾಡಿದೆ. ಮಳೆಗಾಲದಲ್ಲಿ ಜೀವಿಗಳನ್ನು ತುಳಿಯಬಾರದೆಂದು ಯತಿಗಳು ಒಂದೆಡೆ ನಿಲ್ಲುವ ಚಾತುರ್ಮಾಸ್ಯಕ್ಕೂ ಇದಕ್ಕೂ ಏನೋ ನಂಟಿದ್ದಂತೆ ನನಗೆ ಕಾಣುತ್ತದೆ. ವಿನೋದಕ್ಕೆ ಎಣಿಕೆಯ ದೋಷವು ಸಣ್ಣದು, ಕಾರಣದ ದೋಷವು ದೊಡ್ಡದು. ಹಸಿವೆಗೆ ಮಾತ್ರ ಮೀನಿನ ಮುಂದೆ ನಿಂತು ಹೇಳಬಹುದಾದ ಒಂದು ಮಾತಿದೆ: ನನ್ನ ಮಕ್ಕಳು ಉಣ್ಣಬೇಕಾಗಿತ್ತು. "ನನಗೆ ಬೇಸರವಾಗಿತ್ತು, ಅದಕ್ಕಾಗಿ ನಿನ್ನ ತುಟಿಯನ್ನು ಸೀಳಿದೆನು" ಎಂಬ ಮಾತನ್ನು ಯಾವ ಬಾಯಿಂದ ಹೇಳೋಣ?

ಹೀಗೆ ಬೇಟೆಗಾರನನ್ನು ಖಂಡಿಸಿ ಲೇಖವನ್ನು ಮುಗಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ಆದರೆ ಮಹಾಭಾರತದ ವನಪರ್ವದಲ್ಲಿ ಮಿಥಿಲೆಯ ಧರ್ಮವ್ಯಾಧನು, ಮಾಂಸವನ್ನು ಮಾರುತ್ತಿದ್ದ ತನ್ನ ಬಳಿಗೆ ಬಂದ ಕೌಶಿಕನಿಗೆ, ನೇಗಿಲಿನ ಬಾಯಿಗೆ ಸಿಕ್ಕಿ ಸಾಯುವ ಜೀವಿಗಳ ಲೆಕ್ಕವನ್ನು ನೆನಪಿಸುತ್ತಾನೆ. ನನ್ನ ತೋಟದಲ್ಲಿ ಕೊಳೆರೋಗಕ್ಕೆ ಮೈಲುತುತ್ತದ ಮದ್ದು ಹೊಡೆಸುತ್ತೇನೆ. ಮಂಗಗಳನ್ನು ಓಡಿಸಲು ಆಳಿಗೆ ಕೂಲಿ ಕೊಡುತ್ತೇನೆ. ಅವನು ಹೇಗೆ ಓಡಿಸುತ್ತಾನೆಂದು ಕೇಳುವದಿಲ್ಲ. ಶಾಕುಂತಲದ ಆರನೆಯ ಅಂಕದಲ್ಲಿ ಬೆಸ್ತನ ವೃತ್ತಿಯನ್ನು ಕೇಳಿ ಕಾವಲುಗಾರರು ಹಾಸ್ಯ ಮಾಡಿದಾಗ, ಅವನು ಯಜ್ಞದಲ್ಲಿ ಪಶುವನ್ನು ಕೊಲ್ಲುವ ಶ್ರೋತ್ರಿಯನೂ ಕರುಣೆಯಿಂದ ಮೃದುವಾದವನಾಗಿರುತ್ತಾನೆಂದು ಉತ್ತರ ಕೊಡುತ್ತಾನೆ. ಆ ಪಾಠವನ್ನು ಎಷ್ಟೋ ವರುಷ ಹುಡುಗರಿಗೆ ಹೇಳಿದೆನು. ವರ್ಗದಲ್ಲಿ ಬೆಸ್ತರ ಮಕ್ಕಳು ಕೂತಿರುತ್ತಿದ್ದರು. ಆ ಉತ್ತರವು ನನಗೂ ಸಲ್ಲುವದೆಂದು ಒಮ್ಮೆಯೂ ತೋರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೋಲು ಕೈಗೆ ಬಂದಾಗ ಆದ ಆ ಹರ್ಷ! ಶಾಕಾಹಾರವು ನನ್ನ ನಾಲಗೆಯನ್ನು ಕಾದಿತ್ತು, ಕೈಯನ್ನು ಕಾಯಲಿಲ್ಲ. ಸಂದರ್ಭವು ದೊರೆಯದ್ದನ್ನೇ ನಾನು ಸದ್ಗುಣವೆಂದು ತಿಳಿದಿದ್ದೆನು.

ಅನುಶಾಸನಪರ್ವದಲ್ಲಿ ಚ್ಯವನಮುನಿಯ ಕಥೆಯಿದೆ. ಗಂಗಾ ಯಮುನೆಗಳ ಸಂಗಮದಲ್ಲಿ ನೀರೊಳಗೆ ಹನ್ನೆರಡು ವರುಷ ತಪಸ್ಸಿಗೆ ನಿಂತ ಅವನಿಗೆ ಮೀನುಗಳು ಒಡನಾಡಿಗಳಾದವು. ಬೆಸ್ತರು ಬಲೆ ಬೀಸಿ ಎಳೆದಾಗ ಮೀನುಗಳ ಸಂಗಡ ಮುನಿಯೂ ಮೇಲೆ ಬಂದನು. ಅವರು ಹೆದರಿ ಕಾಲಿಗೆ ಬಿದ್ದರು. ಅವನು ಶಪಿಸಲಿಲ್ಲ, ತಾನೊಬ್ಬನೇ ಬಿಡಿಸಿಕೊಂಡು ಹೋಗಲೂ ಇಲ್ಲ. ಇವುಗಳೊಡನೆ ಇಷ್ಟು ದಿವಸ ಇದ್ದೆನು, ಇವುಗಳ ಗತಿಯೇ ನನ್ನ ಗತಿ ಎಂದನು. ನಹುಷ ರಾಜನು ಓಡಿಬಂದು ಸಾವಿರದಿಂದ ತೊಡಗಿ ಇಡೀ ರಾಜ್ಯದ ವರೆಗೆ ಬೆಲೆ ಹೇಳಿದರೂ ಸಾಲಲಿಲ್ಲ; ಕೊನೆಗೆ ಒಂದು ಆಕಳಿಗೆ ಮುನಿಯು ಒಪ್ಪಿದನು. ಬೆಸ್ತರೂ ಮೀನುಗಳೂ ಕೂಡಿಯೇ ಸ್ವರ್ಗಕ್ಕೆ ಹೋದರೆಂದು ಕಥೆಯ ಮುಕ್ತಾಯ. ಹಿಡಿದವನನ್ನೂ ಸಿಕ್ಕಿದವನನ್ನೂ ಬೇರೆ ಮಾಡದೆ ಬಿಡಿಸಿದ ಈ ಮುನಿಯ ನಡತೆಯೇ ಈ ಪ್ರಶ್ನೆಗೆ ನಾನು ಕಂಡ ಉತ್ತಮವಾದ ಉತ್ತರ. ಬೆಸ್ತನ ಹೊಟ್ಟೆಯನ್ನು ಮರೆತು ಮೀನಿನ ಮೇಲೆ ತೋರುವ ದಯೆಯು ಅರ್ಧದಯೆ.

ಆದಕಾರಣ ದೋಣಿಯವನನ್ನು ಕೇಳಿದೆನು: "ತಮಾ, ಗಾಳವಿಲ್ಲದೆ ಸುಮ್ಮನೆ ಕಡಲು ತೋರಿಸಲು ಜನರನ್ನು ಒಯ್ದರೆ ನಡೆಯದೇ?" ಅವನು ನಕ್ಕು, "ಡಾಲ್ಫಿನ್ ತೋರಿಸಿದರೆ ಒಂದು ತಾಸಿನ ದುಡ್ಡು ಕೊಡುತ್ತಾರೆ, ಮಾಸ್ತರರೇ. ಇಡೀ ದಿವಸ ಸುಮ್ಮನೆ ನೋಡುವವರು ಯಾರು?" ಎಂದನು. ಅವನ ಮಗಳು ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅವನ ಪ್ರಶ್ನೆಗೆ ನನ್ನ ಗ್ರಂಥಗಳಲ್ಲಿ ಉತ್ತರ ಸಿಕ್ಕಲಿಲ್ಲ. ತಮ್ಮನ ಮಗನಿಗೆ ಮಾತ್ರ ಹೀಗೆ ಬರೆದಿದ್ದೇನೆ: ಮುಂದಿನ ಸಲ ಅದೇ ದೋಣಿಯನ್ನು ಅದೇ ಬಾಡಿಗೆಗೆ ಹಿಡಿಯೋಣ, ಕೋಲುಗಳನ್ನು ಮನೆಯಲ್ಲಿಡೋಣ, ಬಾಡಿಗೆಯ ಅರ್ಧವನ್ನು ನನ್ನ ಪಿಂಚಣಿಯಿಂದ ಕೊಡುತ್ತೇನೆ. "ಯೋಚಿಸಿ ತಿಳಿಸುತ್ತೇನೆ, ದೊಡ್ಡಪ್ಪಾ" ಎಂದು ಅವನ ಉತ್ತರ ಬಂದಿದೆ. ಅಷ್ಟರೊಳಗೆ ನಾನು ತೋಟದ ಆಳನ್ನು ಕರೆದು ಮಂಗಗಳನ್ನು ಹೇಗೆ ಓಡಿಸುತ್ತೀಯೆಂದು ಕೇಳಬೇಕಾಗಿದೆ. ಈ ವಿಚಾರದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ.