ನಾಷ್ಟಾದ ಹೊತ್ತು ಮತ್ತು ಶ್ರಾವಕನ ವ್ರತ

ದೇವದುರ್ಗ, ಮಾನ್ವಿಗಳ ಶ್ರಾವಕ ಕುಟುಂಬಗಳು ಮದುವೆಯ ಜವಳಿಗೆಂದೋ ಆಸ್ಪತ್ರೆಗೆಂದೋ ರಾಯಚೂರಿಗೆ ಹೋಗಿಬರುವುದು ಹೊಸತಲ್ಲ. ಹಿಂದೆ ಜೋಳದ ರೊಟ್ಟಿಯ ಬುತ್ತಿಯೂ ಸೋಸಿದ ನೀರಿನ ತಂಬಿಗೆಯೂ ಜೊತೆಗಿರುತ್ತಿದ್ದವು. ಈಗ ಕೆಲಸ ಮುಗಿದ ಮೇಲೆ ಎಲ್ಲರೂ ಕೂಡಿ ಉಪಾಹಾರಗೃಹವೊಂದನ್ನು ಹೊಗುವುದು ರೂಢಿಯಾಗಿದೆ. ನಾಷ್ಟಾ ಎಂಬುದು ಅಲ್ಲಿ ಬೆಳಗಿಗೆ ಮಾತ್ರ ಸೇರಿದ್ದಲ್ಲ. ಇಡ್ಲಿ, ದೋಸೆ, ಒಗ್ಗರಣಿ, ಮಿರ್ಚಿಗಳು ಮುಂಜಾನೆಯಿಂದ ರಾತ್ರಿಯವರೆಗೂ ದೊರೆಯುತ್ತವೆ. ಮನೆಯ ಹಿರಿಯರಿಗೆ ರಾತ್ರಿಭೋಜನತ್ಯಾಗದ ವ್ರತವುಂಟು. ಹಣ ತೆರುವವರೂ ಅವರೇ. ಏಳು ಗಂಟೆಯ ಹೊತ್ತಿಗೆ ಅವರು ತಾವೇನನ್ನೂ ಮುಟ್ಟದೆ ಮೊಮ್ಮಕ್ಕಳಿಗೆ ದೋಸೆ ಕೊಡಿಸಿದರೆ ವ್ರತ ಉಳಿಯಿತೇ?

ಉಳಿಯಿತೆಂದು ಹೇಳುವವರೇ ಹೆಚ್ಚು. ಬಾಯಿಗೆ ಹೋಗದ ಮೇಲೆ ಭಂಗವೆಲ್ಲಿಯದು ಎಂಬುದು ಅವರ ವಾದ. ಆದರೆ ಆಚಾರ್ಯರ ಲೆಕ್ಕ ಬಾಯಿಯೊಂದನ್ನೇ ನೋಡುವುದಿಲ್ಲ. ತಾನು ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಒಪ್ಪುವುದು ಎಂಬ ಮೂರನ್ನು ಮನ, ವಚನ, ಕಾಯಗಳೆಂಬ ಮೂರರಿಂದ ಗುಣಿಸಿದರೆ ಒಂಬತ್ತು. ಈ ಒಂಬತ್ತರಿಂದಲೂ ಬಿಡುವುದನ್ನು ಅಮೃತಚಂದ್ರಸೂರಿಗಳು 'ಪುರುಷಾರ್ಥಸಿದ್ಧ್ಯುಪಾಯ'ದಲ್ಲಿ ಔತ್ಸರ್ಗಿಕ ನಿವೃತ್ತಿಯೆಂದೂ, ಅದಕ್ಕೆ ಕಡಿಮೆಯಾಗಿ ಬಗೆಬಗೆಯಾಗಿ ಬಿಡುವುದನ್ನು ಆಪವಾದಿಕವೆಂದೂ ಕರೆದಿದ್ದಾರೆ. ಸಾಮಾನ್ಯ ಗೃಹಸ್ಥನ ನಿವೃತ್ತಿ ಎರಡನೆಯ ಬಗೆಯದು. ಆದುದರಿಂದ ಆ ಹಿರಿಯರ ವ್ರತ ಮುರಿಯಿತೆನ್ನುವುದು ದುಡುಕಿನ ಮಾತಾದೀತು. ಆದರೂ ದೋಸೆಯನ್ನು ತರಿಸಿದ ಕೈ ಅವರದೇ. ಅದು ಕಾರಿತವಲ್ಲವೆನ್ನಲು ಯಾವ ಆಧಾರವೂ ಇಲ್ಲ.

ಇದಕ್ಕೆ ಎದುರಾಗಿ ಬರುವ ಮಾತನ್ನು ಹಗುರವಾಗಿ ತೆಗೆದುಹಾಕಲಾಗದು. ವರ್ಷಕ್ಕೊಂದೆರಡು ಬಾರಿ ಕೂಡುವ ಮಕ್ಕಳ ಸಂತೋಷವನ್ನು ಕೆಡಿಸುವುದೂ ಪರಪೀಡನೆಯೇ ಅಲ್ಲವೇ? ಹೌದು. ಹೋಟೆಲಿನ ಮೇಜಿನ ಮುಂದೆ ಕುಳಿತು ಅಭಕ್ಷ್ಯಗಳ ಪಟ್ಟಿಯನ್ನು ಒಪ್ಪಿಸುವ ವ್ರತಿಯಿಂದ ಯಾವ ಮಗುವೂ ಧರ್ಮವನ್ನು ಕಲಿತದ್ದಿಲ್ಲ. ಅಂಥ ಉಪದೇಶದಲ್ಲಿ ಕರುಣೆಗಿಂತ ತಪೋಮದದ ಪಾಲೇ ಹೆಚ್ಚು. ಸೊಸೆಯಂತೂ ಗಂಟಲಲ್ಲಿ ತುತ್ತಿಳಿಯದೆ ಕುಳಿತಿರುತ್ತಾಳೆ.

ಆದರೆ ಈ ತೊಡಕಿನಲ್ಲಿ ಎಲ್ಲರೂ ಗಮನಿಸದೆ ಬಿಟ್ಟ ಸಂಗತಿಯೊಂದಿದೆ. ದಿನವಿಡೀ ಸಿಗುವ ತಿಂಡಿಗೆ ಇಂಥದೇ ಹೊತ್ತೆಂಬ ಕಟ್ಟು ಇಲ್ಲ. ಏಳಕ್ಕೆ ಸಿಗುವ ದೋಸೆ ನಾಲ್ಕಕ್ಕೂ ಸಿಗುತ್ತದೆ. ಹಾಗಾದರೆ ರಾತ್ರಿ ಬಂದದ್ದು ಅನಿವಾರ್ಯದಿಂದಲ್ಲ, ಹೊತ್ತನ್ನು ಆರಿಸಿದವರಿಂದ. ಜವಳಿಯಂಗಡಿಗೆ ಮೊದಲು ಹೋಗುವುದೋ ಉಪಾಹಾರಕ್ಕೆ ಮೊದಲು ಹೋಗುವುದೋ ಎಂಬುದನ್ನು ಗೊತ್ತುಮಾಡುವವರು ಸಾಮಾನ್ಯವಾಗಿ ಹಣದ ಚೀಲವುಳ್ಳ ಹಿರಿಯರೇ. ರಾಯಚೂರಿನಲ್ಲಿ ಮಾರ್ಗಶಿರದ ಹೊತ್ತಿಗೆ ಸೂರ್ಯನು ಐದೂಮುಕ್ಕಾಲಕ್ಕೇ ಮುಳುಗುತ್ತಾನೆ. ಅಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮುಂಚೆ ಊಟ ಮುಗಿಯಬೇಕೆಂದರೆ ಐದರೊಳಗೇ ಏಳಬೇಕು. ಜ್ಯೇಷ್ಠದಲ್ಲಾದರೆ ಆರರವರೆಗೂ ಅವಕಾಶವುಂಟು. ಇಷ್ಟನ್ನು ಮನೆಯಿಂದ ಹೊರಡುವಾಗಲೇ ಎಣಿಸಿಕೊಂಡರೆ ಮಕ್ಕಳಿಗೂ ಕೊರತೆಯಿಲ್ಲ, ಹಿರಿಯರೂ ಬರಿಗೈಯಲ್ಲಿ ಕೂರಬೇಕಾಗಿಲ್ಲ.

ವಿದ್ಯುದ್ದೀಪವಿರುವಾಗ ರಾತ್ರಿಯ ದೋಷವೇನೆಂದು ಕಾಲೇಜಿನ ಹುಡುಗರು ಕೇಳುವುದುಂಟು. ದೀಪವನ್ನು ಹೊತ್ತಿಸಿದರೂ ಆಹಾರದಲ್ಲಿ ಬೆರೆಯುವ ಸೂಕ್ಷ್ಮಜೀವಿಗಳ ಹಿಂಸೆ ತಪ್ಪದೆಂದು ಅಮೃತಚಂದ್ರರೇ ಉತ್ತರಿಸಿದ್ದಾರೆ. ನಾರಾಯಣಪುರ ಬಲದಂಡೆ ಕಾಲುವೆಯ, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಈ ನಾಡಿನಲ್ಲಿ ಮಳೆಗಾಲದ ಸಂಜೆ ದೀಪದ ಕೆಳಗೆ ತಟ್ಟೆಯಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಏಕಾಶನವುಳ್ಳವರ ತೊಡಕು ಬೇರೆ. 'ಇದು ನಾಷ್ಟಾ, ಊಟವಲ್ಲ' ಎಂಬ ಮಾತು ಅವರಿಗೆ ಬಲು ಅಪಾಯದ್ದು. ಎಷ್ಟು ಸಲ ಉಣ್ಣಲು ಕುಳಿತರೆಂಬುದೇ ಅಲ್ಲಿ ಎಣಿಕೆ, ತಿಂಡಿಯ ಹೆಸರಲ್ಲ.

ಇನ್ನು ತಿನಿಸಿನ ವಿಚಾರ. 'ಶುದ್ಧ ಶಾಕಾಹಾರಿ' ಎಂಬ ಫಲಕವನ್ನು ಕಂಡೊಡನೆ ನಿಶ್ಚಿಂತರಾಗುವವರಿದ್ದಾರೆ. ಮಸಾಲೆ ದೋಸೆಯ ಪಲ್ಯದಲ್ಲಿ ಆಲೂಗಡ್ಡೆ, ಈರುಳ್ಳಿಗಳಿವೆ. ಮೊಸರು ವಡೆಯಲ್ಲಿ ಬೇಳೆಯೂ ಮೊಸರೂ ಕೂಡಿ ದ್ವಿದಳದೋಷವಿದೆ. ನಿನ್ನೆ ರುಬ್ಬಿದ ಹಿಟ್ಟು ಹುಳಿಯಾದುದನ್ನು ಚಲಿತರಸವೆಂದು ಬಿಡುವ ವ್ರತಿಗಳೂ ಇದ್ದಾರೆ. ಇವೆಲ್ಲವನ್ನೂ ಕಂಡು, ಹೋಟೆಲನ್ನೇ ಹೊಗದಿರುವುದು ಸುಲಭವೆಂದು ಕೆಲವರು ತೀರ್ಮಾನಿಸುತ್ತಾರೆ. ಪ್ರತಿಮಾಧಾರಿಗಳಿಗೆ ಅದೇ ಸರಿ. ಉಳಿದವರು ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ವನ್ನು ನೋಡಬೇಕು. ಸಿಗದ ವಸ್ತುವನ್ನು ತಿನ್ನದಿರುವುದನ್ನು ಅವರು ವ್ರತವೆನ್ನಲಿಲ್ಲ. ಅನುಭವಿಸಲು ಯೋಗ್ಯವಾದುದನ್ನೂ ಸಂಕಲ್ಪಪೂರ್ವಕವಾಗಿ ಬಿಡುವುದನ್ನು ವ್ರತವೆಂದರು. ಜೀವಾವಧಿಯ ತ್ಯಾಗಕ್ಕೆ ಯಮವೆಂದೂ, ಕಾಲದ ಗಡುವುಳ್ಳದ್ದಕ್ಕೆ ನಿಯಮವೆಂದೂ ಹೆಸರಿಟ್ಟು, ಒಂದು ದಿನ, ಒಂದು ರಾತ್ರಿ, ಒಂದು ಪಕ್ಷದ ಗಡುವನ್ನೂ ಒಪ್ಪಿದರು. ಹೋಟೆಲೇ ಇಲ್ಲದ ಕಾಲದಲ್ಲಿ ಹೋಟೆಲನ್ನು ಬಿಟ್ಟವರದು ತ್ಯಾಗವಾಗಿರಲಿಲ್ಲ. ಇಂದಿನ ಹುಡುಗನು ಮೆನುವನ್ನು ಕೈಯಲ್ಲಿ ಹಿಡಿದು, ಪಲ್ಯವಿಲ್ಲದ ಸಾದಾ ದೋಸೆ ಸಾಕು, ಈ ಹೊತ್ತು ಕಂದಮೂಲ ಬೇಡವೆಂದರೆ ಅದು ನಿಯಮ. ಅವನ ವಯಸ್ಸಿಗೆ ಅದು ಸಣ್ಣದೇನಲ್ಲ. ಅಜ್ಜನು ಅಷ್ಟಕ್ಕೇ ಸಂತೋಷಪಟ್ಟು, ಮನೆಯಿಂದ ಸೋಸಿ ತಂದ ನೀರನ್ನು ಅವನ ಲೋಟಕ್ಕೂ ಬಗ್ಗಿಸಬಹುದು. ಸೋಸಿದ ನೀರಿನ ಮರ್ಯಾದೆ ಎರಡು ಘಳಿಗೆಯಷ್ಟೇ ಆದುದರಿಂದ ಬಟ್ಟೆಯೊಂದು ಜೊತೆಗಿರಬೇಕು. ಕುದಿಸಿ ಆರಿಸಿ ತಂದಿದ್ದರೆ ಆ ಚಿಂತೆಯೂ ಇಲ್ಲ.